ಹಳೇ ಹೋಟೆಲ್ ಸಾಮಾನು ಕೊಂಡೆ, ಈಗ ಯಾರೋ ಫೈನಾನ್ಸ್‌ನವರು ‘ಅದು ನಮ್ಮದು’ ಅನ್ನುತ್ತಿದ್ದಾರೆ. ಈ ಯುಸಿಸಿ ಅಂದರೆ ಏನು?

ದೋಸೆಕಾವಲಿ
ಎಲ್ಲರಿಗೂ ನಮಸ್ಕಾರ. ನಾವಿರುವುದು ನ್ಯೂಜೆರ್ಸಿಯಲ್ಲಿ, ಎಡಿಸನ್ ಪಕ್ಕ. ನಾನು, ನನ್ನ ಹೆಂಡತಿ ಸೇರಿ ಸಣ್ಣದೊಂದು ಕೇಟರಿಂಗ್ ಶುರು ಮಾಡಿದ್ದೇವೆ. 2025ರ ಆಗಸ್ಟ್‌ನಲ್ಲಿ ಇಲ್ಲೇ ಒಂದು ಹೋಟೆಲ್ ಬಾಗಿಲು ಹಾಕಿತು. ಅವರಿಂದ 36 ಇಂಚಿನ ದೋಸೆ ಕಾವಲಿ, ವಾಕ್-ಇನ್ ಕೂಲರ್, ಹಿಟ್ಟು ನಾದುವ ಮಿಕ್ಸರ್, ಟಿಲ್ಟಿಂಗ್ ಗ್ರೈಂಡರ್, ಒಂದಷ್ಟು ಸ್ಟೀಲ್ ಟೇಬಲ್ ಎಲ್ಲ ಸೇರಿ 11,500 ಡಾಲರ್‌ಗೆ ಕೊಂಡೆವು. ಚೆಕ್ ಕೊಟ್ಟು ಬಿಲ್ ಬರೆಸಿಕೊಂಡೆ. ‘ಸಾಲ ಗೀಲ ಏನೂ ಇಲ್ಲ’ ಅಂತ ಬಾಯಲ್ಲಿ ಹೇಳಿದ್ದರು.

ನಿನ್ನೆ ಒಂದು ಫೈನಾನ್ಸ್ ಕಂಪನಿಯಿಂದ ಪತ್ರ ಬಂದಿದೆ. ಆ ಹೋಟೆಲ್‌ನವರು ಸಾಲ ಕಟ್ಟಿಲ್ಲವಂತೆ, ಸಾಮಾನಿನ ಮೇಲೆ ಇವರ ‘ಯುಸಿಸಿ ಲೀನ್’, ಅಂದರೆ ಸಾಲದ ಹಕ್ಕು, ಇದೆಯಂತೆ, ಆದ್ದರಿಂದ ಸಾಮಾನು ಕೊಡಿ ಇಲ್ಲ ದುಡ್ಡು ಕೊಡಿ ಅಂತ. ನಾನು ಇವರ ಹತ್ತಿರ ಒಂದು ಪೈಸೆ ಸಾಲ ಮಾಡಿಲ್ಲ. ಪೂರ್ತಿ ದುಡ್ಡು ಕೊಟ್ಟು ತಂದ ಸಾಮಾನು ಇನ್ನೊಬ್ಬರದು ಹೇಗಾಗುತ್ತದೆ?

ಸುಮ್ನೆ_ಓದೋನು
ಗ್ರೈಂಡರ್ ಎಷ್ಟು ಲೀಟರ್ದು ಸರ್?

ಹಾಸನದ_ಹುಡುಗ
ಪತ್ರ ಹರಿದು ಬಿಸಾಕಿ. ಬಿಲ್ ಇದೆ, ಚೆಕ್ ಪಾಸಾಗಿದೆ, ಸಾಮಾನು ನಿಮ್ಮ ಅಡುಗೆಮನೆಯಲ್ಲಿದೆ. ಸಾಲ ಕೊಟ್ಟವರು ಸಾಲ ತಗೊಂಡವನನ್ನು ಹಿಡಿಯಲಿ. ಹೆದರಿಸಿ ದುಡ್ಡು ಕೀಳೋ ಆಟ ಇದು.

ಮಂಡ್ಯ_ಟು_ಮಿಲ್ಪಿಟಾಸ್
ಯುಸಿಸಿ ಉತ್ತರಾಖಂಡದಲ್ಲಿ ಬಂತು ಅಂತ ಓದಿದ್ದೆ. ಅಮೆರಿಕಕ್ಕೂ ಬಂತಾ? ಮದುವೆ, ಆಸ್ತಿ ಕಾನೂನಿಗೂ ದೋಸೆ ಕಾವಲಿಗೂ ಏನು ಸಂಬಂಧ?

ಕಾಗದಪತ್ರ
ಮಂಡ್ಯ, ಅದು ಏಕರೂಪ ನಾಗರಿಕ ಸಂಹಿತೆ. ಇದು ಯೂನಿಫಾರ್ಮ್ ಕಮರ್ಷಿಯಲ್ ಕೋಡ್. ಮಾರಾಟ, ಚೆಕ್ಕು, ಬ್ಯಾಂಕು, ಸಾಲದ ಭದ್ರತೆ ಎಲ್ಲ ಇದರಲ್ಲಿ ಬರುತ್ತದೆ. ಹೆಸರಿನ ಮೊದಲಕ್ಷರ ಒಂದೇ, ಅಷ್ಟೇ.

ದೋಸೆಕಾವಲಿ ಸರ್, ಪತ್ರ ಹರಿಯಬೇಡಿ. ನಾನು ವಕೀಲಳಲ್ಲ. ಬ್ಯಾಂಕ್ ಲೋನ್ ಕಾಗದಪತ್ರ ಮಾಡುವ ಆಫೀಸಿನಲ್ಲಿ 14 ವರ್ಷದಿಂದ ಪ್ಯಾರಾಲೀಗಲ್, ಅಂದರೆ ವಕೀಲರ ಸಹಾಯಕಿ. ದಿನಾ ಮಾಡುವುದೇ ಈ ಫೈಲಿಂಗ್.

ಯಾರಾದರೂ ತಮ್ಮ ಸಾಮಾನನ್ನು ಭದ್ರತೆಗೆ ಇಟ್ಟು ಸಾಲ ತೆಗೆದುಕೊಂಡರೆ ಅದು ಯುಸಿಸಿಯ ಆರ್ಟಿಕಲ್ 9ರ ಕೆಳಗೆ ಬರುತ್ತದೆ. ಸಾಮಾನು ಸಾಲಗಾರನ ಹತ್ತಿರವೇ ಇರುತ್ತದೆ. ಸಾಲ ಕೊಟ್ಟವರು ‘ಯುಸಿಸಿ-1’ ಅನ್ನುವ ಒಂದು ಪುಟದ ಫಾರಂ ಅನ್ನು ರಾಜ್ಯದ ಕಚೇರಿಯಲ್ಲಿ ಸಲ್ಲಿಸುತ್ತಾರೆ. ಊರಿಗೆಲ್ಲ ಡಂಗುರ ಹೊಡೆದ ಹಾಗೆ ಅದು. ಆಮೇಲೆ ಸಾಲಗಾರ ಆ ಸಾಮಾನನ್ನು ಮಾರಿದರೂ ಸಾಲದ ಹಕ್ಕು ಸಾಮಾನಿನ ಬೆನ್ನು ಬಿಡುವುದಿಲ್ಲ. ಸೆಕ್ಷನ್ 9-315 ಹೇಳುವುದೇ ಇದನ್ನು. ಫೈಲಿಂಗ್ ಜೀವಂತ ಇರುವವರೆಗೆ ನೀವು ದುಡ್ಡು ಕೊಟ್ಟಿದ್ದೀರೋ ಇಲ್ಲವೋ, ನಿಮಗೆ ಗೊತ್ತಿತ್ತೋ ಇಲ್ಲವೋ ಅನ್ನುವುದು ಅಲ್ಲಿ ಲೆಕ್ಕಕ್ಕಿಲ್ಲ.

ಹಾಸನದ_ಹುಡುಗ
ಇದು ಅನ್ಯಾಯ ಅಲ್ವಾ? ನಾನು ಅಂಗಡಿಗೆ ಹೋಗಿ ಟಿವಿ ತರುತ್ತೇನೆ. ಆ ಅಂಗಡಿಯವನಿಗೂ ಬ್ಯಾಂಕ್ ಸಾಲ ಇರುತ್ತದೆ. ಅವನು ಕಟ್ಟದಿದ್ದರೆ ಬ್ಯಾಂಕಿನವರು ನಮ್ಮನೆ ಟಿವಿ ಎತ್ತಿಕೊಂಡು ಹೋಗುತ್ತಾರಾ?

ಕಾಗದಪತ್ರ
ಇಲ್ಲ, ಹೋಗುವುದಿಲ್ಲ. ಒಳ್ಳೇ ಪ್ರಶ್ನೆ. ಟಿವಿ ಮಾರುವುದೇ ಅವನ ಕಸುಬು. ಅಂಥ ಅಂಗಡಿಯಲ್ಲಿ ಮಾಮೂಲಿ ವ್ಯಾಪಾರದಲ್ಲಿ ಕೊಂಡವರಿಗೆ 9-320 ರಕ್ಷಣೆ ಕೊಡುತ್ತದೆ. ಅಂಗಡಿಯವನ ಸಾಲ ಅವನ ತಲೆಗೆ, ಟಿವಿ ನಿಮಗೆ. ಬ್ಯಾಂಕಿಗೂ ಬೇಕಾಗಿರುವುದು ಟಿವಿ ಮಾರಾಟ ಆಗುವುದೇ ತಾನೆ.

ಆದರೆ ಹೋಟೆಲ್‌ನವರ ಕಸುಬು ಇಡ್ಲಿ ದೋಸೆ ಮಾರುವುದು, ಕಾವಲಿ ಮಾರುವುದಲ್ಲ. ಅವರ ಹತ್ತಿರ ಮಸಾಲೆ ದೋಸೆ ಕೊಂಡಿದ್ದರೆ ನಿಮಗೆ ಯಾವ ಬ್ಯಾಂಕಿನ ಭಯವೂ ಇಲ್ಲ. ಕಾವಲಿಯನ್ನೇ ಕೊಂಡಿರಿ, ಅಲ್ಲೇ ಸಿಕ್ಕಿಹಾಕಿಕೊಂಡಿರಿ.

ಧಾರವಾಡ_ಫೇಡಾ
ಅಂದ್ರ ಇದು ಸಾಮಾನಿನ ಇಸಿ ಅಂದಂಗಾತು! ಊರಾಗ ಸೈಟ್ ತಗೋಬೇಕಂದ್ರ ಮೊದಲ ಕಾವೇರಿ ಪೋರ್ಟಲ್‌ನ್ಯಾಗ ಋಣಭಾರ ಪ್ರಮಾಣಪತ್ರ ತೆಗಸ್ತೇವಿ. ಗ್ರೈಂಡರ್‌ಗೂ ಇಸಿ ಇರ್ತದ ಅಂತ ಯಾರಿಗ್ ಗೊತ್ತಿತ್ರೀ?

ನಮ್ಮಲ್ಲಿ ಗಾಡಿಗೆ ಮಾತ್ರ ಇದು ಎಲ್ಲರಿಗೂ ಗೊತ್ತು. ಆರ್‌ಸಿ ಬುಕ್‌ನಲ್ಲಿ ‘ಎಚ್‌ಪಿ’ ಅಂತ ಬ್ಯಾಂಕಿನ ಹೆಸರು ಇರುತ್ತದೆ. ಸಾಲ ತೀರಿದ ಮೇಲೆ ಎನ್‌ಒಸಿ, ಫಾರಂ 35 ಹಿಡಿದು ಆರ್‌ಟಿಒಗೆ ಹೋಗಿ ತೆಗೆಸಬೇಕು. ನಾನು ಸಾಲ ತೀರಿಸಿ ಆರು ವರ್ಷ ಆ ಎನ್‌ಒಸಿ ಕಪಾಟಿನಲ್ಲೇ ಇಟ್ಟಿದ್ದೆ. ಬೈಕ್ ಮಾರಲು ಹೋದಾಗ ಬುದ್ಧಿ ಬಂತು. ಅಷ್ಟೊತ್ತಿಗೆ ಆ ಬ್ಯಾಂಕ್ ಬ್ರಾಂಚೇ ಎತ್ತಿಬಿಟ್ಟಿದ್ದರು.

ಕಾಗದಪತ್ರ
ಫೇಡಾ ಅವರೇ, ‘ಸಾಮಾನಿನ ಇಸಿ’. ಇನ್ನು ಮುಂದೆ ನಾನೂ ಹೀಗೇ ಹೇಳುತ್ತೇನೆ. ಒಂದೇ ವ್ಯತ್ಯಾಸ. ಇಸಿ ಜಾಗದ ಮೇಲೆ ಸಿಗುತ್ತದೆ, ಇದು ಸಾಲಗಾರನ ಹೆಸರಿನ ಮೇಲೆ. ಗ್ರೈಂಡರ್ ನಂಬರ್ ಹಾಕಿದರೆ ಏನೂ ಸಿಗದು, ಮಾಲೀಕನ ಹೆಸರಿನಲ್ಲೇ ಹುಡುಕಬೇಕು. ಇಲ್ಲೂ ಕಾರಿನದ್ದು ಬೇರೆ, ಅದು ಟೈಟಲ್ ಮೇಲೇ ನಮೂದಾಗುತ್ತದೆ.

ಕಾಫಿಪುಡಿ
ಹಂಗಾದ್ರೆ ಪಕ್ಕದ ಮನೆ ಗರಾಜ್ ಸೇಲ್‌ನಲ್ಲಿ ಸೋಫಾ ತಂದಿದ್ದೇನಲ್ಲ, ಅದಕ್ಕೂ ಇಸಿ ನೋಡಬೇಕಾ? 😳

ಕಾಗದಪತ್ರ
ಅವರು ಮನೆಗೆ ಬಳಸಿದ್ದು, ನೀವೂ ಮನೆಗೇ ತಂದಿದ್ದು, ನಿಮಗೆ ಸಾಲದ ವಿಷಯ ಗೊತ್ತಿಲ್ಲ, ದುಡ್ಡು ಕೊಟ್ಟಿದ್ದೀರಿ, ಯಾರೂ ಫೈಲಿಂಗ್ ಮಾಡಿಲ್ಲ. ಇಷ್ಟಿದ್ದರೆ ಸೋಫಾ ನಿಮ್ಮದೇ. 9-320ರಲ್ಲೇ ಎರಡನೇ ಭಾಗ ಇದೆ. ಸೋಫಾಗೆಲ್ಲ ಸಾಮಾನ್ಯವಾಗಿ ಯಾರೂ ಫೈಲಿಂಗ್ ಮಾಡಲು ಹೋಗುವುದಿಲ್ಲ. ಆರಾಮಾಗಿ ಕೂತು ಕಾಫಿ ಕುಡಿಯಿರಿ.

ಶಿಕಾಗೋ_ಶೆಟ್ರು
ಒಂದು ಸಣ್ಣ ಹಿನ್ನೆಲೆ ಹೇಳುತ್ತೇನೆ, ಬೇಡದವರು ಕೆಳಗೆ ಹೋಗಿ.

ಯುಸಿಸಿ ಅಂದರೆ ಕೇಂದ್ರ ಸರ್ಕಾರದ ಕಾನೂನು ಅಂತ ತುಂಬಾ ಜನ ತಿಳಿದಿದ್ದಾರೆ. ಅಲ್ಲ. ಅದೊಂದು ಮಾದರಿ ಕರಡು. 1892ರಲ್ಲಿ ಹುಟ್ಟಿದ ಯೂನಿಫಾರ್ಮ್ ಲಾ ಕಮಿಷನ್, 1923ರ ಅಮೆರಿಕನ್ ಲಾ ಇನ್‌ಸ್ಟಿಟ್ಯೂಟ್ ಇಬ್ಬರೂ ಸೇರಿ ಬರೆದದ್ದು. ಪ್ರತಿ ರಾಜ್ಯವೂ ತನ್ನ ಶಾಸನಸಭೆಯಲ್ಲಿ ಪಾಸ್ ಮಾಡಿಕೊಳ್ಳಬೇಕು. ಮೊದಲು ಪಾಸ್ ಮಾಡಿದ್ದು ಪೆನ್ಸಿಲ್ವೇನಿಯಾ, 1953ರಲ್ಲಿ. ನ್ಯೂಯಾರ್ಕ್ ವರ್ಷಗಟ್ಟಲೆ ಅಳೆದು ತೂಗಿ 1962ರಲ್ಲಿ ಒಪ್ಪಿತು. ಲೂಸಿಯಾನಾ ಇವತ್ತಿಗೂ ಮಾರಾಟದ ಆರ್ಟಿಕಲ್ 2 ಒಪ್ಪಿಲ್ಲ. ಅವರದ್ದು ಫ್ರೆಂಚ್, ಸ್ಪ್ಯಾನಿಷ್ ಕಾಲದ ಬೇರೆ ಸಂಪ್ರದಾಯ. ಕರಡಿನ ಮುಖ್ಯ ಶಿಲ್ಪಿ ಕಾರ್ಲ್ ಲೆವೆಲಿನ್, ಜೊತೆಗೆ ಅವರ ಹೆಂಡತಿ ಸೋಯಾ ಮೆಂಟ್ಶಿಕಾಫ್. ಪುಸ್ತಕದ ತರ್ಕಕ್ಕಿಂತ ವ್ಯಾಪಾರಿಗಳು ನಿಜವಾಗಿ ಹೇಗೆ ನಡೆದುಕೊಳ್ಳುತ್ತಾರೆ ಅನ್ನುವುದು ಮುಖ್ಯ ಅನ್ನುವ ಜನ ಅವರು.

ಇನ್ನೊಂದು ಮಜಾ. ಯುಸಿಸಿಗೆ ಮುಂಚೆ ಇಲ್ಲಿದ್ದ 1906ರ ಯೂನಿಫಾರ್ಮ್ ಸೇಲ್ಸ್ ಆ್ಯಕ್ಟ್‌ಗೆ ಮಾದರಿ ಇಂಗ್ಲೆಂಡಿನ 1893ರ ಸೇಲ್ ಆಫ್ ಗೂಡ್ಸ್ ಆ್ಯಕ್ಟ್. ನಮ್ಮ ಭಾರತದ 1930ರ ಕಾಯ್ದೆಗೂ ಅದೇ ಮಾದರಿ. ಅಂದರೆ ಒಂದೇ ಅಜ್ಜನ ಮೊಮ್ಮಕ್ಕಳು. ಅಮೆರಿಕದ ಮೊಮ್ಮಗ ಮನೆ ಕೆಡವಿ ಹೊಸದಾಗಿ ಕಟ್ಟಿಕೊಂಡ, ನಾವು ಸುಣ್ಣ ಬಣ್ಣ ಬಳಿದು ಅದೇ ಮನೆಯಲ್ಲಿ ಇದ್ದೇವೆ.

ಹಾಸನದ_ಹುಡುಗ
ಶೆಟ್ರೇ, ಇದು ಸಣ್ಣ ಹಿನ್ನೆಲೆಯಾ?

ದೋಸೆಕಾವಲಿ
ಕಾಗದಪತ್ರ ಮೇಡಂ, ನಮ್ಮ ರಾಜಧಾನಿ ಟ್ರೆಂಟನ್‌ನ ಟ್ರೆಷರಿ ಇಲಾಖೆಯ ಸೈಟಿನಲ್ಲಿ ಹೋಟೆಲ್‌ನ ಹೆಸರು ಹಾಕಿ ಹುಡುಕಿದೆ. ಏನೂ ಇಲ್ಲ! ಬೋರ್ಡಿನ ಮೇಲಿದ್ದ ಹೆಸರು, ಅವರ ಕಂಪನಿಯ (ಎಲ್‌ಎಲ್‌ಸಿ) ಹೆಸರು ಎರಡೂ ಹಾಕಿ ನೋಡಿದೆ. ಸೊನ್ನೆ. ಹಾಸನದವರು ಹೇಳಿದ ಹಾಗೆ ಬರೀ ಹೆದರಿಕೆಯೇ ಇರಬೇಕು ಅಲ್ವಾ?

ಹಾಸನದ_ಹುಡುಗ
ನಾನು ಹೇಳಲಿಲ್ವಾ! 😎

ಕಾಗದಪತ್ರ
ಒಂದು ನಿಮಿಷ. ಆ ಎಲ್‌ಎಲ್‌ಸಿ ನೋಂದಣಿ ಆಗಿರುವುದು ಯಾವ ರಾಜ್ಯದಲ್ಲಿ? ಒಲೆ ಎಲ್ಲಿ ಉರಿಯುತ್ತಿತ್ತು ಅನ್ನುವುದು ಮುಖ್ಯ ಅಲ್ಲ. ಕಂಪನಿ ಯಾವ ರಾಜ್ಯದಲ್ಲಿ ನೋಂದಣಿಯೋ ಅಲ್ಲೇ ಫೈಲಿಂಗ್. ಬೋರ್ಡಿನ ಹೆಸರಂತೂ ಲೆಕ್ಕಕ್ಕೇ ಇಲ್ಲ.

ದೋಸೆಕಾವಲಿ
(ಎರಡು ದಿನ ಬಿಟ್ಟು) ಡೆಲವೇರ್. 😞

ಸರ್ಚ್ ಏಜೆಂಟ್ ಒಬ್ಬರಿಗೆ ದುಡ್ಡು ಕೊಟ್ಟು ತೆಗೆಸಿದೆ. ಎರಡು ಸಿಕ್ಕಿವೆ. ಒಂದು ಬ್ಯಾಂಕಿನದ್ದು, 2019ರ ನವೆಂಬರ್. ಇನ್ನೊಂದು ಈ ಪತ್ರ ಬರೆದ ಫೈನಾನ್ಸ್‌ನವರದ್ದು, 2023ರ ಮಾರ್ಚ್. ಎರಡರಲ್ಲೂ ಒಂದೇ ಸಾಲು: ‘ಎಲ್ಲ ಆಸ್ತಿ’. ಅಂದರೆ ಪೊರಕೆ, ಸೌಟು ಕೂಡಾ ಅವರದ್ದೇ?

ಕಾಗದಪತ್ರ
2019ರದ್ದಕ್ಕೆ ‘ಕಂಟಿನ್ಯುಯೇಷನ್’ ಅಂತ ಯುಸಿಸಿ-3 (ಹಳೇ ಫೈಲಿಂಗ್ ನವೀಕರಿಸುವ, ತಿದ್ದುವ ಫಾರಂ) ಏನಾದರೂ ಇದೆಯಾ? ಫೈಲಿಂಗ್‌ಗೆ ಆಯಸ್ಸು ಐದೇ ವರ್ಷ. ಮುಗಿಯುವ ಮುಂಚಿನ ಆರು ತಿಂಗಳೊಳಗೆ ನವೀಕರಿಸಬೇಕು. ಮಾಡದಿದ್ದರೆ 2024ರ ನವೆಂಬರ್‌ಗೆ ಅದು ಸತ್ತಿದೆ. ಆಮೇಲೆ ಗೊತ್ತಿಲ್ಲದೆ ದುಡ್ಡು ಕೊಟ್ಟು ಕೊಂಡ ನಿಮ್ಮ ಮೇಲೆ ಆ ಬ್ಯಾಂಕಿನ ಹಕ್ಕು ನಡೆಯುವುದಿಲ್ಲ.

2023ರದ್ದು ಜೀವಂತ. ಆದರೆ ಪೊರಕೆ ಸೌಟಿನ ಪ್ರಶ್ನೆಯಲ್ಲೇ ನಿಮ್ಮ ದಾರಿ ಇದೆ. ಫಾರಂನಲ್ಲಿ ‘ಎಲ್ಲ ಆಸ್ತಿ’ ಅಂತ ಬರೆದರೆ ನಡೆಯುತ್ತದೆ, ಅದು ಡಂಗುರ ಮಾತ್ರ. ಹಕ್ಕು ಹುಟ್ಟುವುದು ಹೋಟೆಲ್‌ನವರು ಸಹಿ ಹಾಕಿದ ಸೆಕ್ಯೂರಿಟಿ ಅಗ್ರಿಮೆಂಟ್‌ನಿಂದ. ಅದರಲ್ಲಿ ಬರೀ ‘ಎಲ್ಲ ಆಸ್ತಿ’ ಅಂತಿದ್ದರೆ ಸಾಲದು, ಇಂಥದ್ದು ಇಂಥದ್ದು ಅಂತ ಗುರುತು ಸಿಗುವ ವಿವರಣೆ ಬೇಕು (9-108). ಕೊನೇಪಕ್ಷ ಯಂತ್ರೋಪಕರಣ ಅನ್ನುವ ಬಾಬಾದರೂ ಇರಬೇಕು. ಆ ಅಗ್ರಿಮೆಂಟ್ ಪ್ರತಿ ಕಳಿಸಿ ಅಂತ ವಕೀಲರ ಮೂಲಕ ಕೇಳಿಸಿ. ಅಲ್ಲಿಯವರೆಗೆ ಸಾಮಾನು ಬೇರೆಯವರಿಗೆ ಮಾರಬೇಡಿ, ಎಲ್ಲಿಗೂ ಸಾಗಿಸಬೇಡಿ. ಅವರೂ ಬೀಗ ಒಡೆದು, ಗಲಾಟೆ ಮಾಡಿ ಎತ್ತಿಕೊಂಡು ಹೋಗುವ ಹಾಗಿಲ್ಲ. ಶಾಂತಿ ಕದಡಿದರೆ ಅವರ ಕೇಸೇ ಹಾಳು.

ಎಫ್‌ಎನ್‌ಯು_ಸಂಕಟ
ಹೆಸರಿನ ಮೇಲೆ ಹುಡುಕಬೇಕು ಅಂದಿರಲ್ಲ, ನಗು ಬಂತು. ನನ್ನ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗದಲ್ಲೇ ಇಡೀ ಹೆಸರು ಇದೆ. ವೀಸಾದಲ್ಲಿ ಮೊದಲ ಹೆಸರು ‘ಎಫ್‌ಎನ್‌ಯು’ ಆಯಿತು, ಅಂದರೆ ಹೆಸರು ಗೊತ್ತಿಲ್ಲ ಅಂತ. ಡ್ರೈವಿಂಗ್ ಲೈಸೆನ್ಸ್‌ಗೂ ಅದೇ ಬಂತು. ಬ್ಯಾಂಕಿನಲ್ಲಿ ‘ಮಿಸ್ಟರ್ ಫ್ನೂ’ ಅಂತ ಕರೆಯುತ್ತಾರೆ. ನನ್ನ ಮೇಲೆ ಫೈಲಿಂಗ್ ಮಾಡುವವನು ಯಾವ ಹೆಸರಲ್ಲಿ ಮಾಡುತ್ತಾನೆ?

ಕಾಗದಪತ್ರ
ಬಹುಪಾಲು ರಾಜ್ಯಗಳಲ್ಲಿ ಲೈಸೆನ್ಸ್‌ನಲ್ಲಿ ಇರುವುದೇ ಹೆಸರು. ಅಂದರೆ ಕಾನೂನಿನ ಕಣ್ಣಿಗೂ ನೀವು ಫ್ನೂ 😂

ಆದರೆ ಇದು ತಮಾಷೆಯಲ್ಲ. ಕನ್ಸಾಸ್‌ನಲ್ಲಿ ಟ್ರ್ಯಾಕ್ಟರ್ ಸಾಲದ ಫೈಲಿಂಗ್‌ನಲ್ಲಿ ‘ರೋಜರ್’ (Rodger) ಹೆಸರಿನ ನಡುವಿನ ‘ಡಿ’ ಅಕ್ಷರ ಬಿಟ್ಟುಹೋಗಿತ್ತು. ಸರಿಯಾದ ಹೆಸರಿನಲ್ಲಿ ಹುಡುಕಿದರೆ ಆ ಫೈಲಿಂಗ್ ಸಿಗುತ್ತಿರಲಿಲ್ಲ. 2006ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆ ಫೈಲಿಂಗ್ ನಡೆಯುವುದಿಲ್ಲ ಅಂದಿತು. ಒಂದಕ್ಷರಕ್ಕೇ ಹೀಗೆ. ನಮ್ಮವರಲ್ಲಿ ಅಪ್ಪನ ಹೆಸರು, ಊರ ಹೆಸರು, ಇನಿಷಿಯಲ್ಲು ಹಿಂದು ಮುಂದಾಗಿರುತ್ತವೆ. ನಾನಂತೂ ನಮ್ಮವರ ಹೆಸರು ಬಂದರೆ ತಿರುಗಿಸಿ ಮುರುಗಿಸಿ ನಾಲ್ಕು ಥರ ಹುಡುಕುತ್ತೇನೆ.

ಶಿಕಾಗೋ_ಶೆಟ್ರು
ದೊಡ್ಡವರೂ ಎಡವಿದ್ದಾರೆ. 2008ರಲ್ಲಿ ಜನರಲ್ ಮೋಟರ್ಸ್‌ನವರು ಸುಮಾರು 300 ಮಿಲಿಯನ್ ಡಾಲರ್‌ನ ಒಂದು ಸಾಲ ತೀರಿಸಿದರು. ಅದರ ಫೈಲಿಂಗ್ ತೆಗೆಯುವ ಕಾಗದದ ಜೊತೆ ತಪ್ಪಿ ಇನ್ನೊಂದು ಸೇರಿಹೋಯಿತು. ಅದು 1.5 ಬಿಲಿಯನ್ ಸಾಲದ ಮುಖ್ಯ ಫೈಲಿಂಗ್! ಎರಡೂ ಕಡೆಯ ವಕೀಲರು ನೋಡಿದರು, ಯಾರ ಕಣ್ಣಿಗೂ ಬೀಳಲಿಲ್ಲ. 2009ರಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ‘ನಮಗೆ ಅದನ್ನು ತೆಗೆಯುವ ಉದ್ದೇಶ ಇರಲಿಲ್ಲ’ ಅಂತ ಸಾಲ ಕೊಟ್ಟವರ ಕಡೆಯ ಜೆಪಿ ಮಾರ್ಗನ್ ಬ್ಯಾಂಕ್ ವಾದಿಸಿತು. 2015ರಲ್ಲಿ ಮೇಲ್ಮನವಿ ಕೋರ್ಟು, ಆ ಕಾಗದ ಸಲ್ಲಿಸಲು ನೀವು ಒಪ್ಪಿದ್ದಿರಿ ತಾನೆ, ಅಷ್ಟು ಸಾಕು, ಫೈಲಿಂಗ್ ಹೋಯಿತು ಅಂದಿತು.

ಕಾಫಿಪುಡಿ
ಬಿಲಿಯನ್ ಕಥೆ ಬಿಡಿ, ನಮ್ಮನೆಯ 40,000 ಡಾಲರ್ ಕಥೆ ಕೇಳಿ. ಷಡ್ಡಕನ ದಿನಸಿ ಅಂಗಡಿಗೆ ಕೊಟ್ಟಿದ್ದು. ‘ಅಂಗಡಿಯ ಸ್ಟಾಕ್, ಫ್ರೀಜರ್‌ಗಳು ಸಾಲಕ್ಕೆ ಭದ್ರತೆ’ ಅಂತ ಬರೆದು ಅವನು ಸಹಿಯನ್ನೂ ಹಾಕಿದ್ದ. ನಾನು ಆ ಕಾಗದವನ್ನು ದೇವರ ಮನೆಯಲ್ಲಿ ಇಟ್ಟಿದ್ದೆ. ಅಂಗಡಿ ದಿವಾಳಿ ಆದಾಗ ದಿವಾಳಿ ಲೆಕ್ಕ ನೋಡುವ ಟ್ರಸ್ಟಿ ಕೇಳಿದ್ದು ಒಂದೇ ಮಾತು, ಫೈಲ್ ಮಾಡಿದ್ದೀರಾ? ಇಲ್ಲ. ಸರಿ, ಭದ್ರತೆ ಇಲ್ಲದೆ ಸಾಲ ಕೊಟ್ಟವರ ಸಾಲಿನಲ್ಲಿ ನಿಂತುಕೊಳ್ಳಿ ಅಂದರು. ಒಂದು ಊಟದ ದುಡ್ಡಿನಲ್ಲಿ ಆಗುತ್ತಿದ್ದ ಫೈಲಿಂಗ್ ಅದು. ‘ಸ್ವಂತದವರ ಮೇಲೆ ಫೈಲ್ ಮಾಡೋದಾ, ಥೂ’ ಅಂತ ನನ್ನ ಹೆಂಡತಿ ಅಂದಿದ್ದಳು. ಈಗ ಹಬ್ಬಕ್ಕೆ ಸೇರಿದರೂ ಯಾರೂ ಆ ಮಾತು ಎತ್ತುವುದಿಲ್ಲ.

ಧಾರವಾಡ_ಫೇಡಾ
ಪಾಪ. ಬಂಗಾರ ಗಿರವಿ ಇಟ್ಟುಕೊಂಡಿದ್ದರ ಚೊಲೊ ಇತ್ತು ನೋಡ್ರಿ.

ಕಾಗದಪತ್ರ
ಸರಿಯಾಗಿ ಹೇಳಿದಿರಿ. ಒಡವೆ ನಿಮ್ಮ ಕೈಯಲ್ಲೇ ಇದ್ದರೆ ಫೈಲಿಂಗ್ ಬೇಕಾಗಿಲ್ಲ. ಸೇಟು ಅಂಗಡಿ ಲೆಕ್ಕವೇ ಇಲ್ಲೂ.

ವಾಷಿಂಗ್ಟನ್_ಮಾವ
ಇದಕ್ಕೆಲ್ಲ ಸುಲಭ ಉಪಾಯ ಇದೆ. ಸಹಿ ಮಾಡುವಾಗ ಪಕ್ಕದಲ್ಲಿ ‘ಯುಸಿಸಿ 1-308’ ಅಂತ ಬರೆದರೆ ಯಾವ ಸಾಲವೂ ಅಂಟುವುದಿಲ್ಲ. ನನಗೆ ವಾಟ್ಸಾಪ್‌ನಲ್ಲಿ ವಿಡಿಯೋ ಬಂದಿದೆ, ಕಳಿಸಲಾ?

ಕಾಗದಪತ್ರ
ಮಾವ, ದಯವಿಟ್ಟು ಬೇಡ. ವಿವಾದ ಇರುವಾಗ ‘ನನ್ನ ಹಕ್ಕು ಬಿಟ್ಟುಕೊಡದೆ ಕೆಲಸ ಮುಂದುವರಿಸುತ್ತೇನೆ’ ಅಂತ ಹೇಳಲು ಇರುವ ಸೆಕ್ಷನ್ ಅದು. ಸಾಲ ಮಾಯ ಮಾಡುವ ಮಂತ್ರವಲ್ಲ. ಅದನ್ನು ಹಿಡಿದು ಕೋರ್ಟಿಗೆ ಹೋದವರನ್ನು ಜಡ್ಜ್‌ಗಳು ವಾಪಸ್ ಕಳಿಸುತ್ತಲೇ ಇದ್ದಾರೆ.

ಹಾಸನದ_ಹುಡುಗ
ಮಾರಿದವನನ್ನು ಹಿಡಿಯಿರಿ ಅಂತ ಯಾಕೆ ಯಾರೂ ಹೇಳುತ್ತಿಲ್ಲ? ಸುಳ್ಳು ಹೇಳಿದ್ದು ಅವನು.

ದೋಸೆಕಾವಲಿ
ಬಿಲ್‌ನಲ್ಲಿ ‘ಆ್ಯಸ್ ಈಸ್’ ಅಂತ ಬರೆದಿದ್ದಾರೆ. ಅದಕ್ಕೇ ಸುಮ್ಮನಿದ್ದೆ.

ಕಾಗದಪತ್ರ
‘ಆ್ಯಸ್ ಈಸ್’ ಅನ್ನುವುದು ಸಾಮಾನಿನ ಗುಣಕ್ಕೆ. ಮೋಟಾರು ಸುಟ್ಟರೆ, ಕೂಲರ್ ತಣ್ಣಗಾಗದಿದ್ದರೆ ಕೇಳುವ ಹಾಗಿಲ್ಲ. ಆದರೆ ‘ಇದು ನನ್ನದು, ಇದರ ಮೇಲೆ ಬೇರೆಯವರ ಹಕ್ಕಿಲ್ಲ’ ಅನ್ನುವ ಭರವಸೆ ಬೇರೆ. ಬಾಯಲ್ಲಿ ಹೇಳದಿದ್ದರೂ ಪ್ರತಿ ಮಾರಾಟದಲ್ಲೂ ಅದು ಸೇರಿರುತ್ತದೆ (2-312). ಸ್ಪಷ್ಟವಾಗಿ ತೆಗೆದುಹಾಕಿದ್ದರೆ ಮಾತ್ರ ಹೋಗುತ್ತದೆ, ‘ಆ್ಯಸ್ ಈಸ್’ ಅಂದ ಮಾತ್ರಕ್ಕೆ ಹೋಗುವುದಿಲ್ಲ. ನಾಲ್ಕು ವರ್ಷದೊಳಗೆ ದಾವೆ ಹಾಕಬಹುದು. ನ್ಯೂಜೆರ್ಸಿಯ ಸ್ಮಾಲ್ ಕ್ಲೇಮ್ಸ್‌ನಲ್ಲಿ (ಸಣ್ಣ ಮೊತ್ತದ ದಾವೆಯ ಕೋರ್ಟು) 5,000 ಡಾಲರ್‌ವರೆಗೆ ವಕೀಲರಿಲ್ಲದೆಯೂ ಆಗುತ್ತದೆ.

ಹಾಸನದ_ಹುಡುಗ
ಸರಿ ಮೇಡಂ, ನನ್ನ ಮೊದಲ ಕಾಮೆಂಟ್ ವಾಪಸ್ ತಗೊಂಡೆ. ಅರ್ಧ.

ಎಫ್‌ಎನ್‌ಯು_ಸಂಕಟ
ನ್ಯೂಜೆರ್ಸಿಯವರು ಇನ್ನೊಂದು ನೋಡಿ. ಇಲ್ಲಿ ಒಂದು ವ್ಯಾಪಾರದ ಸಾಮಾನನ್ನು ಹೀಗೆ ಒಟ್ಟಿಗೆ ಕೊಳ್ಳುವ ಮುಂಚೆ ಟ್ಯಾಕ್ಸ್ ಇಲಾಖೆಗೆ ಸಿ-9600 ಫಾರಂನಲ್ಲಿ ತಿಳಿಸಬೇಕು, ಕನಿಷ್ಠ 10 ಕೆಲಸದ ದಿನ ಮೊದಲು. ತಿಳಿಸದಿದ್ದರೆ ಮಾರಿದವನ ಬಾಕಿ ತೆರಿಗೆ ಕೊಂಡವನ ತಲೆಗೆ ಬರಬಹುದು. ಹಾಗೇ 2020ರಲ್ಲಿ ಕೋವಿಡ್ ಇಐಡಿಎಲ್ ಸಾಲ (ಸಣ್ಣ ವ್ಯಾಪಾರಕ್ಕೆ ಸರ್ಕಾರ ಕೊಟ್ಟ ಸಂಕಷ್ಟದ ಸಾಲ) 25,000 ಡಾಲರ್‌ಗಿಂತ ಜಾಸ್ತಿ ತೆಗೆದುಕೊಂಡ ಹೋಟೆಲ್‌ಗಳ ಸಾಮಾನಿನ ಮೇಲೆ ಸರ್ಕಾರದ್ದೇ ಯುಸಿಸಿ ಫೈಲಿಂಗ್ ಇರಬಹುದು. ಆ ಸಾಲದ ಅವಧಿ 30 ವರ್ಷ.

ದೋಸೆಕಾವಲಿ
ಸಿ-9600?? ಇವತ್ತು ನಿದ್ದೆ ಬಂದ ಹಾಗೇ.

ದೋಸೆಕಾವಲಿ
(ಮೂರು ವಾರದ ನಂತರ) ಕೇಳಿದವರಿಗೆಲ್ಲ ಥ್ಯಾಂಕ್ಸ್. ಏನಾಯಿತು ಅಂತ ಹೇಳಿಬಿಡುತ್ತೇನೆ.

ಬ್ಯಾಂಕಿನ 2019ರ ಫೈಲಿಂಗ್‌ಗೆ ಕಂಟಿನ್ಯುಯೇಷನ್ ಇಲ್ಲ, ಸತ್ತಿದೆ. ವಕೀಲರು ಕೇಳಿದ ಮೇಲೆ ಫೈನಾನ್ಸ್‌ನವರು ಅಗ್ರಿಮೆಂಟ್ ಕಳಿಸಿದರು. 22 ಪುಟ. ಮೊದಲ ಪುಟದಲ್ಲಿ ಅದೇ ‘ಎಲ್ಲ ಆಸ್ತಿ’. ಯಂತ್ರೋಪಕರಣ ಅನ್ನುವ ಬಾಬು ಎಲ್ಲೂ ಇಲ್ಲ. ಆದರೆ ಕೊನೆಯಲ್ಲಿ ಒಂದು ಪಟ್ಟಿ ಲಗತ್ತಿಸಿದ್ದಾರೆ, ಮೂರು ಸೀರಿಯಲ್ ನಂಬರ್ ಜೊತೆ.

ಸರಿ, ನಂಬರ್ ತಾಳೆ ನೋಡೋಣ ಅಂತ ರಾತ್ರಿ ಟಾರ್ಚ್ ಹಿಡಿದು ಅಡುಗೆಮನೆಗೆ ಹೋದೆವು. ಕಾವಲಿಯ ನಂಬರ್ ತಟ್ಟೆ ಹಿಂದುಗಡೆ, ಎಣ್ಣೆ ಜಿಡ್ಡಿನ ಕೆಳಗೆ. ಗ್ರೈಂಡರ್‌ನದ್ದು ಕಾಣುತ್ತಲೇ ಇರಲಿಲ್ಲ, ಎಷ್ಟೋ ವರ್ಷದ ಉದ್ದಿನ ಹಿಟ್ಟು ಒಣಗಿ ಸಿಮೆಂಟಿನ ಹಾಗೆ ಕೂತಿತ್ತು. ಹೆಂಡತಿ ಬಿಸಿನೀರು ಬಟ್ಟೆ ಹಾಕಿ ನೆನೆಸಿ, ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ ಉಜ್ಜಿ ಒಂದೊಂದೇ ಅಂಕಿ ಓದಿದಳು. ನಾನು ಪಟ್ಟಿ ನೋಡುತ್ತಿದ್ದೆ. ಕಾವಲಿ ಇದೆ. ಕೂಲರ್ ಇದೆ. ಮಿಕ್ಸರ್ ಇದೆ. ಗ್ರೈಂಡರ್ ಇಲ್ಲ!

ಆ ಮೂರಕ್ಕೆ ಮಾತಾಡಿ ಮಾತಾಡಿ 2,800 ಡಾಲರ್‌ಗೆ ಒಪ್ಪಿಸಿದೆವು. ಕೇಳಿದ್ದು 7,000. ಹಳೇ ಸಾಮಾನನ್ನು ಬಿಚ್ಚಿ, ಸಾಗಿಸಿ, ಹರಾಜು ಹಾಕಿದರೆ ಏನು ಸಿಗುತ್ತದೆ ಅಂತ ಅವರಿಗೂ ಗೊತ್ತು. ದುಡ್ಡು ಕೊಡುವ ಮುಂಚೆ ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡೆ. ಆ ಮೂರನ್ನು ಕೈಬಿಟ್ಟು ಯುಸಿಸಿ-3 ತಿದ್ದುಪಡಿ ಡೆಲವೇರ್‌ನಲ್ಲಿ ದಾಖಲಾದ ಪ್ರತಿಯೂ ಬಂದಿದೆ. 2,800ಕ್ಕೆ ಹೋಟೆಲ್‌ನವರ ಮೇಲೆ ಸ್ಮಾಲ್ ಕ್ಲೇಮ್ಸ್ ಹಾಕಿದ್ದೇನೆ. ಫೋನ್ ಎತ್ತುತ್ತಿಲ್ಲ. ಟ್ಯಾಕ್ಸ್ ಇಲಾಖೆಗೆ ತಡವಾಗಿಯಾದರೂ ಬರೆದಿದ್ದೇನೆ, ಉತ್ತರ ಬಂದಿಲ್ಲ.

ಕಾಗದಪತ್ರ
ಆ ಯುಸಿಸಿ-3 ಪ್ರತಿಯನ್ನು ಬಿಲ್ ಜೊತೆಗೇ ಇಡಿ. ದೇವರ ಮನೆಯಲ್ಲಿ ಬೇಡ.

ಕಾಫಿಪುಡಿ
ಅಕ್ಕಾ 😭

ಮಂಡ್ಯ_ಟು_ಮಿಲ್ಪಿಟಾಸ್
ಪೂರ್ತಿ ಓದಿದೆ. ಮದುವೆ ಬಗ್ಗೆ ಎಲ್ಲೂ ಬರಲಿಲ್ಲ, ಷಡ್ಡಕನನ್ನು ಬಿಟ್ಟರೆ.

ಸುಮ್ನೆ_ಓದೋನು
ಎಲ್ಲ ಸರಿ, ಗ್ರೈಂಡರ್ ಎಷ್ಟು ಲೀಟರ್ದು ಅಂತ ಹೇಳಲೇ ಇಲ್ಲ.

ದೋಸೆಕಾವಲಿ
20 ಲೀಟರ್. ಕೊಯಮತ್ತೂರಿಂದು. ಮೋಟಾರು 110 ವೋಲ್ಟ್‌ಗೆ ಬದಲಾಯಿಸಿದ್ದಾರೆ. ಮಾರುವುದಿಲ್ಲ.

ಸುಮ್ನೆ_ಓದೋನು
ಇಸಿ ಕ್ಲಿಯರ್ ಇದೆಯಲ್ಲ, ಅದಕ್ಕೇ ಕೇಳಿದೆ.